ಪರ್ಸೆಫನಿ ಎಂಬ ಹೆಸರಿನ ಅರ್ಥ ಮತ್ತು ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕ್ ಪುರಾಣದಲ್ಲಿ ಪರ್ಸೆಫನಿ ಬೆಳೆಯ ದೇವತೆ ಡಿಮೀಟರಳ ಮಗಳು, ಪಾತಾಳದ ದೊರೆ ಹೇಡಿಸ್‌ನ ಹೆಂಡತಿ. ಅವಳ ಕಥೆ ಕೇಳಿದವರು ಬಹಳ ಮಂದಿ, ಅವಳ ಹೆಸರಿನ ಕಥೆ ಕೇಳಿದವರು ಕಡಿಮೆ. ಸುಗ್ಗಿಯ ಕಣ ನೋಡುತ್ತ ಬೆಳೆದ ನನಗೆ ಈ ಹೆಸರಿನ ಮೇಲೆ ಬೇರೆಯೇ ಅಕ್ಕರೆ. ಯಾಕೆ ಎಂಬುದು ಮೂರನೆಯ ಉತ್ತರದ ಹೊತ್ತಿಗೆ ತಿಳಿದೀತು.

ಪರ್ಸೆಫನಿ ಎಂದರೆ ಏನರ್ಥ?

ತೆನೆಯ ಸಿವುಡುಗಳನ್ನು ಬಡಿಯುವವಳು. ಅಂದರೆ ಕಣದಲ್ಲಿ ಒಕ್ಕಣೆ ಮಾಡುವ ಹೆಣ್ಣು. ಈವರೆಗೆ ಬಂದ ವಿವರಣೆಗಳಲ್ಲಿ ಭಾಷಾಶಾಸ್ತ್ರದ ಬಲ ಹೆಚ್ಚಿರುವುದು ಇದಕ್ಕೆ.

ಹೆಸರುಗಳ ಪಟ್ಟಿಗಳಲ್ಲೆಲ್ಲ ‘ಸಾವು ತರುವವಳು’, ‘ನಾಶ ಮಾಡುವವಳು’ ಎಂದೇ ಇದೆಯಲ್ಲ?

ಇದೆ. ಅದು ಗ್ರೀಕರೇ ಕಟ್ಟಿಕೊಂಡ ಅರ್ಥ. ಅವರ ಭಾಷೆಯಲ್ಲಿ ‘ಫೆರೈನ್’ ಎಂದರೆ ಹೊರು, ತರು. ‘ಫೊನೋಸ್’ ಎಂದರೆ ಕೊಲೆ. ಹೆಸರಿನ ಮೂಲ ಮರೆತುಹೋದ ಮೇಲೆ ಕಿವಿಗೆ ಕೇಳಿಸಿದ್ದನ್ನೇ ಹಿಡಿದು, ಎರಡೂ ಮಾತನ್ನು ಸೇರಿಸಿ, ‘ಕೊಲೆ ತರುವವಳು’ ಎಂದು ಬಿಡಿಸಿದರು. ಸತ್ತವರ ಲೋಕದ ರಾಣಿಗೆ ಅದು ಒಪ್ಪುವಂತೆಯೂ ಇತ್ತು. ಊರಿನ ಹೆಸರಿಗೆ ಸ್ಥಳಪುರಾಣ ಹುಟ್ಟುತ್ತದಲ್ಲ, ಹಾಗೆಯೇ ಇದು ಹೆಸರಿಗೆ ಹುಟ್ಟಿದ ಕಥೆ. ಜನರ ಕಲ್ಪನೆಯಾಗಿ ಅದಕ್ಕೆ ಬೆಲೆ ಇದೆ. ಆದರೆ ಪದದ ಚರಿತ್ರೆ ಬೇರೆ ಕಡೆಗೆ ಕೈ ತೋರಿಸುತ್ತದೆ.

ಒಕ್ಕಣೆಯ ಅರ್ಥಕ್ಕೆ ಆಧಾರ ಏನು?

ಇದನ್ನು ಕೊಂಚ ನಿಧಾನವಾಗಿಯೇ ಹೇಳಬೇಕು.

ಈ ದೇವತೆಗೆ ಗ್ರೀಕರ ಬಾಯಲ್ಲಿ ಒಂದೇ ಹೆಸರಿರಲಿಲ್ಲ. ಹೋಮರನ ಕಾವ್ಯದಲ್ಲಿ ಅವಳು ಪೆರ್ಸೆಫೊನೈಯಾ. ಅಥೆನ್ಸಿನವರು ಫೆರ್ಸೆಫತ್ತಾ, ಫೆರ್ರೆಫತ್ತಾ ಎನ್ನುತ್ತಿದ್ದರು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಚಿತ್ರದ ಮಡಕೆಗಳ ಮೇಲೆ ‘ಪೆರ್ಸೊಫತ್ತಾ’ ಎಂಬ ರೂಪ ಸಿಗುತ್ತದೆ. ರುಡಾಲ್ಫ್ ವಾಖ್ಟರ್ ಎಂಬ ಭಾಷಾವಿಜ್ಞಾನಿ ಹಿಡಿದದ್ದು ಈ ರೂಪವನ್ನು. ಇದೇ ಹಳೆಯದು, ಉಳಿದವು ನಾಲಿಗೆಯ ಮೇಲೆ ಹೊರಳಿ ಹೊರಳಿ ಆದವು ಎಂಬುದು ಅವರ ವಾದ. ಉದಾಹರಣೆಗೆ, ಎರಡನೆಯ ಭಾಗದ ‘ಫ’ಕಾರದ ಮಹಾಪ್ರಾಣ ಮೊದಲಿನ ‘ಪ’ಕಾರಕ್ಕೂ ಹತ್ತಿಕೊಂಡು ‘ಫೆರ್ಸೆ’ ಆಯಿತು.

ಈಗ ‘ಪೆರ್ಸೊ’ ಮತ್ತು ‘ಫತ್ತಾ’ ಎಂದು ಬಿಡಿಸಿ ನೋಡಿ. ‘ಫತ್ತಾ’ದ ಹಿಂದೆ ಇರುವುದು ಹೊಡೆ, ಬಡಿ ಎಂಬರ್ಥದ ಬಹಳ ಹಳೆಯ ಧಾತು. ಅದೇ ಧಾತು ಸಂಸ್ಕೃತಕ್ಕೆ ‘ಹನ್’ ಆಗಿ ಬಂತು. ‘ಹನನ’ದಲ್ಲಿ ಅದು ಕಾಣುತ್ತದೆ; ಸಮಾಸದ ಕೊನೆಯಲ್ಲಿ ‘ಘ್ನ’ ಆಗುತ್ತದೆ. ಶತ್ರುಘ್ನ ಎಂದರೆ ಶತ್ರುಗಳನ್ನು ಹೊಡೆಯುವವನು. ಕೃತಘ್ನ ಎಂದರೆ ಮಾಡಿದ ಉಪಕಾರವನ್ನು ಕೊಂದವನು. ದಿನವೂ ನಮ್ಮ ಬಾಯಲ್ಲಿ ಓಡಾಡುವ ಈ ‘ಘ್ನ’ ಮತ್ತು ಗ್ರೀಕ್ ದೇವತೆಯ ಹೆಸರಿನ ಬಾಲ, ಎರಡೂ ಒಂದೇ ಬೇರಿನ ಚಿಗುರುಗಳು.

‘ಪೆರ್ಸೊ’ ಕಷ್ಟದ್ದು. ಗ್ರೀಕಿನಲ್ಲಿ ಅದರ ಅರ್ಥ ಹೇಳುವ ಪದ ಉಳಿದಿಲ್ಲ. ಉಳಿದಿರುವುದು ಋಗ್ವೇದದಲ್ಲಿ. 10ನೇ ಮಂಡಲದ 48ನೇ ಸೂಕ್ತದಲ್ಲಿ ಇಂದ್ರ ತನ್ನ ಬಲವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಒಬ್ಬ ಬಂದರೂ ಗೆಲ್ಲುತ್ತೇನೆ, ಇಬ್ಬರು ಬಂದರೂ ಗೆಲ್ಲುತ್ತೇನೆ, ಮೂವರು ಏನು ಮಾಡಿಯಾರು ಎಂದು ಕೇಳಿ, ‘ಖಲೇ ನ ಪರ್ಷಾನ್ ಪ್ರತಿ ಹನ್ಮಿ ಭೂರಿ’ ಎನ್ನುತ್ತಾನೆ. ಖಲ ಎಂದರೆ ಕಣ. ಪರ್ಷ ಎಂದರೆ ತೆನೆಯ ಸಿವುಡು. ಕಣದಲ್ಲಿ ಸಿವುಡು ಬಡಿಯುವ ಹಾಗೆ ಎಷ್ಟೋ ಜನರನ್ನು ಬಡಿಯುತ್ತೇನೆ ಎಂದು ಅವನ ಮಾತು. ‘ಪರ್ಷ’ವೂ ‘ಹನ್’ ಧಾತುವೂ ಒಂದೇ ಸಾಲಿನಲ್ಲಿ ಜೊತೆಯಾಗಿ ನಿಂತಿವೆ. ಪೆರ್ಸೊಫತ್ತಾ ಎಂಬ ಹೆಸರಿನಲ್ಲಿ ಜೋಡಿಯಾಗಿರುವುದೂ ಅವೇ ಎರಡು.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಿಡಿ ಸಿವುಡನ್ನು ಎತ್ತಿ ಕಲ್ಲಿಗೆ ಬಡಿಯುವ ಸದ್ದು, ಹಾರುವ ಹೊಟ್ಟು, ಮೈಯೆಲ್ಲ ತುರಿಕೆ, ಸಂಜೆಗೆ ಎದ್ದು ನಿಂತ ರಾಶಿ. ಇಷ್ಟನ್ನೂ ಒಂದು ದೇವತೆಯ ಹೆಸರು ಸಾವಿರಾರು ವರ್ಷ ಹೊತ್ತುಕೊಂಡು ಬಂದಿದೆ, ಹೊತ್ತವರಿಗೇ ಗೊತ್ತಿಲ್ಲದಂತೆ.

ಕಣಕ್ಕೂ ಗ್ರೀಕ್ ದೇವತೆಗಳಿಗೂ ಬೇರೆ ನಂಟು ಇದೆಯೇ?

ಬೇಕಾದಷ್ಟು. ‘ಇಲಿಯಡ್’ನ 5ನೇ ಪರ್ವದಲ್ಲಿ, ಪವಿತ್ರವಾದ ಕಣದಲ್ಲಿ ಜನ ತೂರುವಾಗ ಗಾಳಿ ಹೊಟ್ಟನ್ನು ಹಾರಿಸಿಕೊಂಡು ಹೋಗುವ ಹೋಲಿಕೆ ಬರುತ್ತದೆ. ಅಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಮಾಡುವವಳು ಹೊಂಗೂದಲಿನ ಡಿಮೀಟರ್. ತಾಯಿ ತೂರುವವಳು, ಮಗಳು ಬಡಿಯುವವಳು! ಡಿಮೀಟರಳ ದೊಡ್ಡ ಕ್ಷೇತ್ರ ಎಲ್ಯೂಸಿಸ್‌ನಲ್ಲಿ ‘ಹಲೋವಾ’ ಎಂಬ ಹಬ್ಬ ನಡೆಯುತ್ತಿತ್ತು. ಕಣಕ್ಕೆ ಗ್ರೀಕರು ‘ಹಲೋಸ್’ ಎನ್ನುತ್ತಿದ್ದರು, ಹಬ್ಬದ ಹೆಸರು ಅದರಿಂದಲೇ ಬಂದದ್ದು. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದ ಪೌಸೇನಿಯಸ್, ಎಲ್ಯೂಸಿಸ್‌ನ ಹೊಲದಲ್ಲಿ ಟ್ರಿಪ್ಟೊಲೆಮಸ್‌ನ ಕಣ ಎಂದು ಕರೆಯುವ ಜಾಗವನ್ನೂ ಅಲ್ಲಿನ ಬಲಿಪೀಠವನ್ನೂ ಹೆಸರಿಸಿದ್ದಾನೆ. ಮನುಷ್ಯರಿಗೆ ಬೇಸಾಯ ಕಲಿಸು ಎಂದು ಡಿಮೀಟರ್ ಕಳಿಸಿದ ವೀರ ಈ ಟ್ರಿಪ್ಟೊಲೆಮಸ್.

ಎಲ್ಯೂಸಿಸ್‌ನ ಗುಟ್ಟಿನ ದೀಕ್ಷೆಯಲ್ಲಿ ಕೊನೆಗೆ ಏನು ತೋರಿಸುತ್ತಿದ್ದರು? ಕೊಯ್ದ ಒಂದು ತೆನೆಯನ್ನು, ಮೌನವಾಗಿ. ಹಾಗೆಂದು 3ನೇ ಶತಮಾನದ ಕ್ರೈಸ್ತ ಲೇಖಕ ಹಿಪೊಲಿಟಸ್ ಬರೆದಿದ್ದಾನೆ. ದೀಕ್ಷೆಯನ್ನು ವಿರೋಧಿಸುತ್ತಿದ್ದವನ ಮಾತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ತೆನೆ ಎಂದದ್ದು ನನಗೆ ನಿಜ ಅನ್ನಿಸುತ್ತದೆ.

ಹಾಗಾದರೆ ಕಣದ ಹುಡುಗಿ ಪಾತಾಳದ ರಾಣಿಯಾದದ್ದು ಹೇಗೆ?

ಕಥೆಯ ಹಳೆಯ, ಪೂರ್ಣ ರೂಪ ಇರುವುದು ‘ಡಿಮೀಟರಳಿಗೆ ಹೋಮರೀಯ ಸ್ತೋತ್ರ’ದಲ್ಲಿ. ಸುಮಾರು 495 ಸಾಲಿನ ಹಾಡು. ಅದರ ಹಸ್ತಪ್ರತಿ ವಿದ್ವಾಂಸರ ಕೈಗೆ ಸಿಕ್ಕಿದ್ದು 1777ರಲ್ಲಿ, ಮಾಸ್ಕೋದಲ್ಲಿ.

ಹುಡುಗಿ ಗೆಳತಿಯರ ಜೊತೆ ಹೂ ಬಿಡಿಸುತ್ತಿದ್ದಾಳೆ. ನೂರು ಹೂ ಬಿಟ್ಟ ಒಂದು ನಾರ್ಸಿಸಸ್ ಗಿಡ ಕಣ್ಣಿಗೆ ಬೀಳುತ್ತದೆ, ಎರಡೂ ಕೈ ಚಾಚುತ್ತಾಳೆ. ನೆಲ ಬಾಯಿ ಬಿಡುತ್ತದೆ. ಹೇಡಿಸ್ ರಥದಲ್ಲಿ ಬಂದು ಹೊತ್ತೊಯ್ಯುತ್ತಾನೆ. ಇದಕ್ಕೆ ಅವಳ ತಂದೆ ಜ್ಯೂಸ್ ದೇವನ ಒಪ್ಪಿಗೆ ಮೊದಲೇ ಆಗಿತ್ತು. ತಾಯಿಯನ್ನು ಯಾರೂ ಕೇಳಿರಲಿಲ್ಲ. ಡಿಮೀಟರ್ ಪಂಜು ಹಿಡಿದು ಒಂಬತ್ತು ದಿನ ಅನ್ನ, ಸ್ನಾನ ಬಿಟ್ಟು ಅಲೆಯುತ್ತಾಳೆ. ಸೂರ್ಯ ನಿಜ ಹೇಳುತ್ತಾನೆ. ಅವಳು ದೇವಲೋಕ ತೊರೆದು, ಮುದುಕಿಯ ವೇಷದಲ್ಲಿ ಎಲ್ಯೂಸಿಸ್‌ಗೆ ಬಂದು ಬಾವಿಯ ಹತ್ತಿರ ಕೂರುತ್ತಾಳೆ. ಅಲ್ಲಿನ ಅರಸನ ಮನೆಯಲ್ಲಿ ಕೂಸು ನೋಡಿಕೊಳ್ಳುವ ದಾದಿಯಾಗುತ್ತಾಳೆ. ಕೊನೆಗೆ ಬಿತ್ತಿದ ಒಂದು ಕಾಳೂ ಮೊಳೆಯದಂತೆ ಮಾಡುತ್ತಾಳೆ. ಮನುಷ್ಯರು ಸತ್ತರೆ ದೇವರಿಗೆ ಬಲಿ ಕೊಡುವವರಾರು? ಜ್ಯೂಸ್ ಬಗ್ಗಲೇಬೇಕಾಗುತ್ತದೆ.

ಹೆಸರಿನ ಬಗ್ಗೆ ಕೇಳುವವರು ಈ ಸ್ತೋತ್ರದಲ್ಲಿ ಒಂದು ಸಂಗತಿ ಗಮನಿಸಬೇಕು. ಅಪಹರಣ ಮುಗಿಯುವ ತನಕ ಹುಡುಗಿಗೆ ಹೆಸರೇ ಇಲ್ಲ. ಅವಳು ‘ಮಗಳು’, ‘ಹುಡುಗಿ’ ಅಷ್ಟೆ. ಪರ್ಸೆಫನಿ ಎಂಬ ಹೆಸರು ಮೊದಲ ಸಲ ಕೇಳುವುದು ಹತ್ತನೆಯ ಬೆಳಗಿನಲ್ಲಿ, ಹೆಕಟೆ ದೇವಿ ತಾಯಿಯ ಎದುರು ಬಂದು, ಪರ್ಸೆಫನಿಯನ್ನು ಹೊತ್ತೊಯ್ದವರು ಯಾರು ಎಂದು ಕೇಳುವಾಗ.

ಹೂ ಬಿಡಿಸುವ ಹುಡುಗಿ ಮತ್ತು ಸತ್ತವರ ಭಯಂಕರ ರಾಣಿ ಮೊದಲಿಗೆ ಇಬ್ಬರು ಬೇರೆ ಬೇರೆ ದೇವತೆಯರಾಗಿದ್ದು ಆಮೇಲೆ ಒಂದಾದರು ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಆದರೆ ಕಾಳಿನ ಲೆಕ್ಕ ಹಿಡಿದರೆ ಇಬ್ಬರನ್ನೂ ಬೇರೆ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ತೆನೆಯನ್ನು ಬಡಿದರೆ ಕಾಳು, ಕಾಳನ್ನು ಮಣ್ಣಿಗೆ ಹಾಕಿದರೆ ಪೈರು. ಗ್ರೀಕಿನಲ್ಲಿ ಬಡಿಯುವುದಕ್ಕೂ ಕೊಲೆಗೂ ಒಂದೇ ಧಾತು ಎಂಬುದನ್ನೂ ಮರೆಯಬಾರದು.

ದಾಳಿಂಬೆಯ ಕಾಳು ಎಷ್ಟು ತಿಂದಳು?

ಸ್ತೋತ್ರದ ಪ್ರಕಾರ ಒಂದು. ಹೇಡಿಸ್ ಅವಳನ್ನು ಕಳಿಸುವಾಗ ಗುಟ್ಟಾಗಿ ತಿನ್ನಿಸುತ್ತಾನೆ. ರೋಮಿನ ಕವಿ ಓವಿಡ್ ಒಂದು ಕಾವ್ಯದಲ್ಲಿ ಏಳು ಎನ್ನುತ್ತಾನೆ, ಇನ್ನೊಂದರಲ್ಲಿ ಮೂರು. ಆರು ಕಾಳಿಗೆ ಆರು ತಿಂಗಳು ಎಂಬ ಲೆಕ್ಕ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚು. ಸ್ತೋತ್ರದಲ್ಲಿ ಅವಳು ಪಾತಾಳದಲ್ಲಿರುವುದು ವರ್ಷದ ಮೂರನೇ ಒಂದು ಭಾಗ, ಅಂದರೆ ನಾಲ್ಕು ತಿಂಗಳು.

ಆ ನಾಲ್ಕು ತಿಂಗಳು ಯಾವುವು? ಚಳಿಗಾಲವೇ?

ವಸಂತದ ಹೂ ಅರಳಿದಾಗ ಮೇಲೆ ಬರುತ್ತಾಳೆ ಎಂದು ಸ್ತೋತ್ರ ಹೇಳುತ್ತದೆ. ಹಾಗಾಗಿ ಚಳಿಗಾಲ ಎಂಬುದೇ ನೇರವಾದ ಓದು.

ಆದರೆ ಗ್ರೀಸಿನ ಹೊಲ ಬೇರೆ ಮಾತು ಹೇಳುತ್ತದೆ. ಅಲ್ಲಿ ಗೋಧಿ, ಬಾರ್ಲಿ ಬಿತ್ತುವುದು ಶರತ್ಕಾಲದ ಮಳೆ ಬಿದ್ದ ಮೇಲೆ. ಚಳಿಗಾಲದಲ್ಲಿ ಹೊಲ ಹಸಿರಾಗಿರುತ್ತದೆ. ಮೇ, ಜೂನ್‌ನಲ್ಲಿ ಕೊಯ್ಲು. ನೆಲ ಬರಡಾಗಿ ಬಿರುಕು ಬಿಡುವುದು ಆಮೇಲಿನ ಬೇಸಿಗೆಯಲ್ಲಿ. ಸ್ವೀಡನ್ನಿನ ವಿದ್ವಾಂಸ ಮಾರ್ಟಿನ್ ನಿಲ್ಸನ್ ಇದನ್ನು ಮುಂದಿಟ್ಟುಕೊಂಡು, ಹುಡುಗಿ ಕೆಳಗಿರುವ ಕಾಲ ಎಂದರೆ ಬೀಜದ ಕಾಳು ನೆಲದೊಳಗಿನ ಕಣಜದಲ್ಲಿರುವ ಬೇಸಿಗೆಯ ತಿಂಗಳುಗಳು ಎಂದರು. ಹೇಡಿಸ್‌ನ ಇನ್ನೊಂದು ಹೆಸರು ಪ್ಲೂಟಾನ್, ಸಂಪತ್ತಿನವನು. ಕಾಳು ತುಂಬಿದ ನೆಲದ ಹೊಟ್ಟೆಗಿಂತ ದೊಡ್ಡ ಸಂಪತ್ತು ರೈತನಿಗೆ ಯಾವುದಿದೆ?

ಸ್ತೋತ್ರದ ಸಾಲು ಈ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ, ಅದನ್ನು ಒಪ್ಪಲೇಬೇಕು. ಆದರೂ ಹಗೇವು ಬಲ್ಲ ನಮ್ಮವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಜೋಳ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ, ತಿಂಗಳುಗಟ್ಟಲೆ ನೆಲದೊಳಗೆ ಇಡುತ್ತಿದ್ದರು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ; ಒಳಗೆ ನಿಂತ ಕೆಟ್ಟ ಗಾಳಿ ಉಸಿರು ಕಟ್ಟಿಸಿ ಕೊಲ್ಲಬಲ್ಲದು. ಊರಿನ ವರ್ಷದ ಅನ್ನ ಅದೇ ಕತ್ತಲಲ್ಲಿ ಇರುತ್ತಿತ್ತು.

ಅವಳನ್ನು ‘ಕೊರೇ’ ಎಂದೂ ಕರೆಯುತ್ತಾರಲ್ಲ, ಅದೇನು?

ಗ್ರೀಕಿನಲ್ಲಿ ‘ಕೊರೇ’ ಎಂದರೆ ಹುಡುಗಿ, ಮಗಳು, ಮದುವೆಯಾಗದವಳು. ಡಿಮೀಟರಳ ಪಕ್ಕದಲ್ಲಿ ನಿಂತಾಗ ಅವಳು ಕೊರೇ, ಹೇಡಿಸ್‌ನ ಪಕ್ಕದಲ್ಲಿ ಕೂತಾಗ ಪರ್ಸೆಫನಿ. ಇದು ಒರಟಾದ ಲೆಕ್ಕ, ಆದರೆ ಬಹುಮಟ್ಟಿಗೆ ಸರಿ. ನಮ್ಮ ಕೋರೆಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ.

ಈ ಪದದ ಭಾರ ತಿಳಿಯಬೇಕಾದರೆ ಫ್ರಾಸಿಕ್ಲೇಯಾಳ ಪ್ರತಿಮೆ ನೋಡಬೇಕು. 1972ರಲ್ಲಿ ಅಥೆನ್ಸ್ ಬಳಿಯ ಮೆರೆಂಡಾದಲ್ಲಿ ನೆಲದಡಿ ಸಿಕ್ಕ ಅಮೃತಶಿಲೆಯ ಹುಡುಗಿ, ಕ್ರಿ.ಪೂ. 6ನೇ ಶತಮಾನದ್ದು, ಈಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಮದುವೆಗೆ ಮೊದಲೇ ತೀರಿಕೊಂಡವಳ ಗೋರಿಯ ಗುರುತು ಅದು. ಪೀಠದ ಮೇಲಿನ ಬರಹದಲ್ಲಿ ಅವಳೇ ಮಾತಾಡುತ್ತಾಳೆ: ಇನ್ನು ಎಂದೆಂದಿಗೂ ನನ್ನನ್ನು ಕೊರೇ ಎಂದೇ ಕರೆಯುತ್ತಾರೆ, ಮದುವೆಯ ಬದಲು ದೇವರು ನನಗೆ ಈ ಹೆಸರು ಕೊಟ್ಟರು. ಇಲ್ಲಿ ‘ಕೊರೇ’ ಎಂದರೆ ಹುಡುಗಿಯೂ ಹೌದು, ಸಾವಿನ ಮನೆ ಸೇರಿದ ಆ ದೇವತೆಯ ನೆರಳೂ ಹೌದು.

ಇನ್ನೊಂದು ಮಾತು ಬಿಡಲಾರೆ. ಕಣ್ಣಿನ ನಡುವಿನ ಕಪ್ಪಿಗೂ ಗ್ರೀಕರು ಕೊರೇ ಎಂದೇ ಹೇಳುತ್ತಿದ್ದರು. ಎದುರಿನವರ ಕಣ್ಣಲ್ಲಿ ಪುಟ್ಟದಾಗಿ ಕಾಣುವ ನಮ್ಮದೇ ರೂಪದಿಂದ ಬಂದ ಹೆಸರು ಅದು. ನಾವೂ ಕಣ್ಣಪಾಪೆ ಎನ್ನುತ್ತೇವೆ. ಒಬ್ಬರಿಂದೊಬ್ಬರು ಕಡ ತಂದದ್ದಲ್ಲ, ಎರಡೂ ನಾಡಿನ ತಾಯಂದಿರು ಮಕ್ಕಳ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದರು.

ಅವಳ ಹೆಸರು ಹೇಳಲು ಗ್ರೀಕರು ಹೆದರುತ್ತಿದ್ದರು ಎನ್ನುವುದು ನಿಜವೇ?

ನಿಜ. ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಕ್ರಟೀಸ್ ಇದನ್ನು ಬಾಯಿಬಿಟ್ಟು ಹೇಳುತ್ತಾನೆ: ಈ ಹೆಸರಿಗೆ ಬಹಳ ಜನ ಅಂಜುತ್ತಾರೆ, ಅದರ ಅರ್ಥ ತಿಳಿಯದೆ ಅಂಜುತ್ತಾರೆ. ಆಮೇಲೆ ತನ್ನದೇ ಒಂದು ಅರ್ಥ ಕೊಡುತ್ತಾನೆ. ಜಗತ್ತಿನಲ್ಲಿ ಎಲ್ಲವೂ ಚಲಿಸುತ್ತಿದೆ, ಚಲಿಸುವುದನ್ನು ಮುಟ್ಟಿ ಹಿಡಿಯಬಲ್ಲವಳು ಜಾಣೆ, ಆದ್ದರಿಂದ ಅವಳು ಫೆರೆಪಾಫಾ ಎಂದು. ಪದಶಾಸ್ತ್ರವಾಗಿ ಅದು ನಿಲ್ಲದು. ಅಂಜಿದವರಿಗೆ ಧೈರ್ಯ ಹೇಳುವ ರೀತಿ ಮಾತ್ರ ಚೆನ್ನಾಗಿದೆ.

ಹೆಸರು ತಪ್ಪಿಸಿ ಮಾತಾಡುವುದು ನಮಗೆ ಹೊಸದೇನಲ್ಲ. ಹಾವು ಕಚ್ಚಿತು ಎನ್ನದೆ ‘ಹುಳ ಮುಟ್ಟಿತು’ ಎನ್ನುತ್ತೇವೆ. ಸಿಡುಬು ಬಂದರೆ ‘ಅಮ್ಮ’ ಎನ್ನುತ್ತಿದ್ದರು. ಗ್ರೀಕರೂ ಅವಳನ್ನು ಕೊರೇ ಎಂದೋ, ‘ದೆಸ್ಪೊಯ್ನಾ’ ಅಂದರೆ ಒಡತಿ ಎಂದೋ ಕರೆದು ಮುಂದೆ ಹೋಗುತ್ತಿದ್ದರು.

ಪ್ರೊಸರ್ಪಿನಾ ಇವಳೇನಾ?

ಹೌದು, ರೋಮನ್ನರ ಬಾಯಲ್ಲಿ. ಇಟಲಿಯ ಎಟ್ರುಸ್ಕನ್ನರು ಫೆರ್ಸಿಪ್ನೈ ಎನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ‘ಪ್ರೊಸೆರ್ಪೆರೆ’ ಎಂದರೆ ತೆವಳಿ ಮುಂದೆ ಬಾ, ಚಿಗುರಿ ಹೊರಗೆ ಬಾ. ಮೊಳಕೆ ನೆಲ ಸೀಳಿ ಬರುವ ಹಾಗೆ ಬರುವವಳು ಎಂದು ರೋಮನ್ನರು ಅರ್ಥ ಹಚ್ಚಿಕೊಂಡರು. ಗ್ರೀಕರು ಕಿವಿಯಿಂದ ಕೊಲೆ ಕಂಡರು, ರೋಮನ್ನರು ಮೊಳಕೆ ಕಂಡರು. ರೋಮಿನ ಬೋರ್ಗೆಸೆ ಗ್ಯಾಲರಿಯಲ್ಲಿರುವ ಬೆರ್ನಿನಿಯ ಹೆಸರಾಂತ ಶಿಲ್ಪ (1621-22) ಈ ಹೆಸರಿನದೇ. ಹೊತ್ತೊಯ್ಯುವವನ ಬೆರಳು ಅವಳ ತೊಡೆಯಲ್ಲಿ ಊರಿದ ಜಾಗದಲ್ಲಿ ಕಲ್ಲು ಕಲ್ಲಾಗಿ ಉಳಿದಿಲ್ಲ.

ಪರ್ಷಿಯಾ, ಟೆಲಿಫೋನ್ — ಇವುಗಳಿಗೂ ಈ ಹೆಸರಿಗೂ ನಂಟುಂಟೇ?

ಇಲ್ಲ. ಪರ್ಷಿಯಾ ಬಂದದ್ದು ಇರಾನಿನ ‘ಪಾರ್ಸ’ದಿಂದ. ಟೆಲಿಫೋನಿನ ‘ಫೋನ್’ ಎಂದರೆ ದನಿ. ಗ್ರೀಕಿನಲ್ಲಿ ಅದು ದೀರ್ಘ ಓಕಾರದ ‘ಫೋನೇ’. ಪರ್ಸೆಫನಿಯಲ್ಲಿರುವುದು ಹ್ರಸ್ವ ಒಕಾರ. ಆದ್ದರಿಂದ ‘ಇಂಪಾದ ದನಿಯವಳು’ ಎಂದು ಯಾರಾದರೂ ಅರ್ಥ ಹೇಳಿದರೆ ನಂಬಬೇಡಿ.

ಈ ಹೆಸರು ಎಷ್ಟು ಹಳೆಯದು?

ಹೋಮರನ ‘ಒಡಿಸ್ಸಿ’ಯಲ್ಲಿ ಅವಳು ಆಗಲೇ ಸತ್ತವರ ರಾಣಿ, ಪಾತಾಳದ ಅಂಚಿನಲ್ಲಿ ಅವಳ ತೋಪು ಇದೆ. ಅದಕ್ಕೂ ಹಿಂದೆ, ದಕ್ಷಿಣ ಗ್ರೀಸಿನ ಪಿಲೋಸ್ ಅರಮನೆಯ ಮಣ್ಣಿನ ಫಲಕವೊಂದರಲ್ಲಿ, ಲೀನಿಯರ್ ಬಿ ಲಿಪಿಯಲ್ಲಿ, ಚಿನ್ನದ ಪಾತ್ರೆ ಪಡೆಯುವ ದೇವತೆಯೊಬ್ಬಳ ಹೆಸರಿದೆ. ಅದನ್ನು ‘ಪೆರೆಸ್ವಾ’ ಎಂದು ಓದಿ ಪರ್ಸೆಫನಿಗೆ ಹೊಂದಿಸುವವರು ಇದ್ದಾರೆ, ಪಾರಿವಾಳದ ದೇವತೆ ಎನ್ನುವವರೂ ಇದ್ದಾರೆ. ವಿವಾದ ಮುಗಿದಿಲ್ಲ.

ನಮ್ಮ ಸೀತೆಯ ಕಥೆಯ ಹಾಗಿದೆಯಲ್ಲವೇ?

ಈ ಪ್ರಶ್ನೆ ಬಂದೇ ಬರುತ್ತದೆ. ಸೀತಾ ಎಂದರೆ ನೇಗಿಲು ಎಳೆದ ಗೆರೆ. ಋಗ್ವೇದದ 4ನೇ ಮಂಡಲದ 57ನೇ ಸೂಕ್ತದಲ್ಲಿ ಅವಳನ್ನು ಬೆಳೆಗಾಗಿ ಪ್ರಾರ್ಥಿಸುತ್ತಾರೆ. ಒಬ್ಬಳು ಉಳುಮೆಯ ಹೆಸರಿನವಳು, ಇನ್ನೊಬ್ಬಳು ಒಕ್ಕಣೆಯ ಹೆಸರಿನವಳು. ಇಬ್ಬರ ಕಾಲಡಿಯೂ ನೆಲ ಬಾಯಿಬಿಡುತ್ತದೆ. ಹೋಲಿಕೆ ಇಲ್ಲಿಗೆ ಸಾಕು. ಹೆಸರುಗಳಿಗೆ ನಂಟಿಲ್ಲ. ಕಥೆಗಳು ನಡೆಯುವುದೂ ಎದುರುಬದುರಾಗಿ: ಸೀತೆಗೆ ಭೂಮಿ ತಾಯಿ, ತಾನೇ ಕರೆದಳು, ತವರಿಗೆ ಹೋದಳು. ಪರ್ಸೆಫನಿಯನ್ನು ಸೆಳೆಯಲು ಆ ನಾರ್ಸಿಸಸ್ ಹೂ ಬೆಳೆಸಿದವಳೇ ಭೂಮಿ. ಅವಳ ತಾಯಿ ಮೇಲೆ ಪಂಜು ಹಿಡಿದು ಅಲೆಯುತ್ತಿದ್ದಳು.

ಕನ್ನಡದಲ್ಲಿ ಹೇಗೆ ಬರೆಯಬೇಕು?

ಇಂಗ್ಲಿಷ್ ಉಚ್ಚಾರ ಹಿಡಿದರೆ ‘ಪರ್ಸೆಫನಿ’, ‘ಸೆ’ ಮೇಲೆ ಒತ್ತು. ಹಳೆಯ ಗ್ರೀಕ್ ಉಚ್ಚಾರ ಬೇಕಾದರೆ ‘ಪೆರ್ಸೆಫೊನೇ’. ಹ್ರಸ್ವ ಎ, ದೀರ್ಘ ಏ, ಹ್ರಸ್ವ ಒ, ದೀರ್ಘ ಓ ಎಲ್ಲವೂ ನಮ್ಮ ಲಿಪಿಯಲ್ಲಿ ಇರುವುದರಿಂದ ಈ ಹೆಸರನ್ನು ಇಂಗ್ಲಿಷಿಗಿಂತ ಕನ್ನಡದಲ್ಲಿ ನಿಖರವಾಗಿ ಬರೆಯಬಹುದು. ಇನ್ನೂ ಒಂದು: ಆ ಕಾಲದ ಗ್ರೀಕರು ಇಲ್ಲಿ ಉಚ್ಚರಿಸುತ್ತಿದ್ದದ್ದು ‘ಫಲ’ದ ಫ, ಮಹಾಪ್ರಾಣದ್ದು. ಫ್ಯಾನು, ಫೀಸುಗಳ ಫ ಆಮೇಲೆ ಬಂತು. ಇಂದಿನ ಗ್ರೀಸಿನವರು ‘ಪೆರ್ಸೆಫೋನಿ’ ಎನ್ನುತ್ತಾರೆ.

ಮಗಳಿಗೆ ಈ ಹೆಸರು ಇಡಬಹುದೇ? ಅಶುಭವಲ್ಲವೇ?

ಗ್ರೀಸಿನಲ್ಲಿ ಇಂದಿಗೂ ಇಡುತ್ತಾರೆ, ಮನೆಯಲ್ಲಿ ಮೊಟಕಾಗಿ ‘ಪೆರ್ಸಾ’ ಎಂದು ಕರೆಯುತ್ತಾರೆ. ದಕ್ಷಿಣ ಇಟಲಿಯ ಲೊಕ್ರಿಯಲ್ಲಿ ಮದುವೆಯಾಗಲಿರುವ ಹುಡುಗಿಯರು ಹರಕೆ ಒಪ್ಪಿಸುತ್ತಿದ್ದದ್ದು ಇವಳಿಗೇ. ಕ್ರಿ.ಪೂ. 5ನೇ ಶತಮಾನದ ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ಅವಳು ಗಂಡನ ಪಕ್ಕ ಸಿಂಹಾಸನದ ಮೇಲೆ ಕೂತಿದ್ದಾಳೆ, ಸುತ್ತ ತೆನೆ, ಹುಂಜ. ಸಾವಿನ ಅರ್ಥ ನೆನೆದು ಅಜ್ಜಿ ಮುಖ ಸಿಂಡರಿಸಿದರೆ, ‘ಒಕ್ಕಣೆ ಮಾಡುವ ಹುಡುಗಿ’ ಅಂತ ಅರ್ಥ ಅಜ್ಜೀ ಎಂದು ಹೇಳಿ. ಕಣ ಸಾರಿಸಿ, ರಾಶಿ ಪೂಜೆ ಮಾಡಿದ ಕೈ ಅವರದು. ಅವರಿಗೆ ಅರ್ಥವಾಗುತ್ತದೆ.

ಆಕಾಶದಲ್ಲೂ ಅವಳ ಹೆಸರಿದೆಯಂತೆ?

ಎರಡು ಕಡೆ ಇದೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳಲ್ಲಿ 26ನೆಯದು ಪ್ರೊಸರ್ಪಿನಾ, 1853ರಲ್ಲಿ ರಾಬರ್ಟ್ ಲೂಥರ್ ಕಂಡದ್ದು. 399ನೆಯದು ಪರ್ಸೆಫನಿ, 1895ರಲ್ಲಿ ಹೈಡೆಲ್‌ಬರ್ಗ್‌ನಿಂದ ಮ್ಯಾಕ್ಸ್ ವುಲ್ಫ್ ಕಂಡದ್ದು.